ಹೋರ್ಡಿಂಗಿನ ಕೆಳಗೆ ಕೇಳಿದ ರೇಡಿಯೋ

ಕಳೆದ ಜೂನಿನ ಒಂದು ಮಧ್ಯಾಹ್ನ ನಾನೂ ನಮ್ಮ ಯಜಮಾನರೂ ನಾವಿರುವ ವೆಸ್ಟ್ ಕೊವಿನಾದಿಂದ ಫೋರ್ ಎಸ್ ರ್ಯಾಂಚಿನಲ್ಲಿರುವ ಮಗನ ಮನೆಗೆ ಕಾರಿನಲ್ಲಿ ಹೊರಟಿದ್ದೆವು. ದಾರಿ ಬದಿಯ ಹೋರ್ಡಿಂಗಿನಲ್ಲಿ, ಹೊಸ ಮನೆಗಳ ವಿವರಕ್ಕೆ ರೇಡಿಯೋದಲ್ಲಿ ಎಎಂ 1620 ಕೇಳಿ ಎಂದು ಬರೆದಿತ್ತು. ಅಂಥ ಸಣ್ಣ ಸ್ಟೇಷನ್ನು ಒಂದೆರಡು ಮೈಲಿ ದಾಟಿದರೆ ಕೇಳುವುದಿಲ್ಲ.

"ಮನೆ ತಗೊಳ್ಳುವವರ ಹಾಗೆ ಕೇಳುವ ಮಾರಾಯ್ತಿ, ಪುಕ್ಕಟೆ ಅಲ್ವಾ," ಎಂದು ಇವರು ರೇಡಿಯೋ ತಿರುಗಿಸಿದರು.

ಮೊದಲು ಗರಗರ ಸದ್ದು. ಆಮೇಲೆ ಬಾಳೆಲೆಗೆ ನೀರು ಚಿಮುಕಿಸಿದಂಥ ಸದ್ದು. ಎಸಿ ಹಾಕಿರಲಿಲ್ಲ, ಆದರೂ ನನ್ನ ಪಾದಗಳು ತಣ್ಣಗಾದವು. ಬಳಿಕ ನಮ್ಮ ಮಗ ಸಂದೇಶನ ದನಿ, ಅಚ್ಚ ಕನ್ನಡದಲ್ಲಿ: "ಅಪ್ಪಾ, ಒಳಗೆ ಬನ್ನಿ."

ಅವನು ಇಲ್ಲೇ, ಈ ಪರದೇಶದಲ್ಲೇ ಹುಟ್ಟಿದವನು, ನಮಗೆ ಇಂಗ್ಲಿಷಿನಲ್ಲೇ ಉತ್ತರಿಸುವವನು. ಉಡುಪಿ ಕಡೆಯ ನಮ್ಮ ಮನೆಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ ಮಗ ಬಾಗಿಲಲ್ಲಿ ನಿಂತು ಅವರನ್ನು ಇದೇ ಎಳೆದ ರಾಗದಲ್ಲಿ ಒಳಗೆ ಕರೆಯುತ್ತಾನೆ. ಬದುಕಿರುವವರನ್ನು ಯಾರೂ ಆ ರಾಗದಲ್ಲಿ ಕರೆಯುವುದಿಲ್ಲ.

"ಬಂದ್ ಮಾಡಿ ಮಾರಾಯ್ರೆ!" ಎಂದೆ. ಇವರು ಕೈ ಎತ್ತಲಿಲ್ಲ. ಹೋರ್ಡಿಂಗು ಹಿಂದೆ ಬಿದ್ದು ಎಷ್ಟೋ ಹೊತ್ತಾದರೂ ದನಿ ಅದನ್ನೇ ಹೇಳುತ್ತಿತ್ತು, ಮಗನ ಮನೆ ಮುಂದೆ ಕಾರು ನಿಲ್ಲಿಸುವವರೆಗೂ.

ಇವರು ಇಳಿದು ಹೊಸಿಲ ಹೊರಗೇ ನಿಂತುಬಿಟ್ಟರು.

"ಎಂಥ ನಿಂತದ್ದು? ಒಳಗೆ ಹೋಗಿ."

"ಅವ ಕರೆಯದೆ ಹೇಗೆ ಹೋಗುವುದು?"

ಸಂದೇಶ ಬಾಗಿಲು ತೆರೆದ. ನಗಲಿಲ್ಲ, ಹಾಯ್ ಎನ್ನಲಿಲ್ಲ. "ಅಪ್ಪಾ," ಎಂದ.

ನಾನು ನುಗ್ಗಿ ಅವನ ಬಾಯಿ ಮುಚ್ಚಿ ಹಿಡಿದೆ. ಅವನ ತುಟಿಗಳು ನನ್ನ ಅಂಗೈಯೊಳಗೆ ಆಡುತ್ತಲೇ ಇದ್ದವು.