ಅರಳೆ ಬಡಿಯುವ ಸದ್ದು

ಎರ್ಗಾಶ್ ಬರುವಾಗ ದಪ್ಪ, ಹೋಗುವಾಗ ಸಣ್ಣ.

ಮೊದಲ ಸಲ ಅವನು ಹಾಗೆ ಬಂದಾಗ ಸನೋಬರ್ ಹೌಹಾರಿದ್ದಳು. ಸಂಜೆ ಹೊತ್ತಲ್ಲಿ ಹಿತ್ತಲ ಬಾಗಿಲಿಗೆ ಬಂದ ಗಂಡಸು ಮಾತಿಲ್ಲದೆ ಕತೆಯಿಲ್ಲದೆ ನಿಲುವಂಗಿ ಬಿಚ್ಚತೊಡಗಿದರೆ ಯಾವ ಹುಡುಗಿ ಸುಮ್ಮನಿರುತ್ತಾಳೆ?

"ಅಜ್ಜೀ! ಈ ಮನುಷ್ಯನಿಗೆ ತಲೆ ಕೆಟ್ಟಿದೆ, ಬಾ ಇಲ್ಲಿ!"

"ಕಿರುಚಬೇಡ ತಾಯಿ, ಊರೇ ಸೇರುತ್ತೆ. ಲೈನಿಂಗ್ ಒಳಗೆ ನೋಡು."

ನೋಡಿದಳು. ಅಂಗಿಯ ಹೊಲಿಗೆ ಬಿಚ್ಚಿ ಒಳಗೆಲ್ಲ ಹತ್ತಿ ತುರುಕಿದ್ದ. ಬೀಜ ಬಿಡಿಸದ, ಅಂದೇ ಕಿತ್ತ ಹತ್ತಿ. ಅಜ್ಜಿ ಓಡಿ ಬಂದವಳು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡಳು.

"ನಿನ್ನ ರಜಾಯಿಗೆ," ಎಂದ ಅವನು, ಕಿವಿಯವರೆಗೆ ಕೆಂಪಾಗಿ. "ಅಂದ್ರೆ... ನಮ್ಮ ರಜಾಯಿಗೆ."

ಅಂದಿಜಾನ್ ಕಡೆಯ ಆ ಹಳ್ಳಿಯಲ್ಲಿ ಹೊಸಿಲು ದಾಟಿದರೆ ಹತ್ತಿ ಹೊಲ. ಶಾಲೆಯ ಹಿಂದೆ ಹತ್ತಿ, ಸ್ಮಶಾನದ ಗೋಡೆಯವರೆಗೂ ಹತ್ತಿ. ಆದರೆ ಮನೆಯೊಳಗೆ ಒಂದು ಹಿಡಿ ಇರುವ ಹಾಗಿಲ್ಲ. ಎಲ್ಲಾ ಸರ್ಕಾರದ್ದು. ಟ್ರೇಲರಿನಲ್ಲಿ ಜಿನ್ನಿಂಗಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಎಲ್ಲೋ ದೂರದ ಗಿರಣಿಗೆ ಹೋಗಿ ನೂಲಾಗಿ, ಬಟ್ಟೆಯಾಗಿ, ಕೆಂಪು ಹೂವಿನ ಚೀಟಿ ಬಟ್ಟೆಯಾಗಿ ಊರಿನ ಅಂಗಡಿಗೆ ವಾಪಸು ಬರುತ್ತಿತ್ತು. ದುಡ್ಡು ಕೊಟ್ಟು ಬಟ್ಟೆ ಕೊಳ್ಳಬಹುದಿತ್ತು. ಅದರೊಳಗೆ ತುಂಬುವುದಕ್ಕೆ ಮಾತ್ರ ಏನೂ ಸಿಗುತ್ತಿರಲಿಲ್ಲ.

ರಜಾಯಿಯಿಲ್ಲದ ಹೆಣ್ಣನ್ನು ಗಂಡಿನ ಮನೆಯವರು ಒಳಗೆ ಕರೆಯುವುದು ಹೇಗೆ? ಮದುಮಗಳ ಹಿಂದೆ ಸೂರು ಮುಟ್ಟುವ ಹಾಗೆ ರಜಾಯಿ ಪೇರಿಸಿದ್ದರೇನೇ ಮದುವೆ. ಸನೋಬರ್‌ಗೆ ತಂದೆಯಿಲ್ಲ. ಹೊಲದ ಮೇಲೆ ವಿಮಾನದಿಂದ ಮದ್ದು ಹೊಡೆದ ವರ್ಷ ಅಮ್ಮ ಕಾಮಾಲೆಯಾಗಿ ಹೋದಳು. ಉಳಿದದ್ದು ಅಜ್ಜಿಯೊಬ್ಬಳು.

"ನನಗೆ ರಜಾಯಿ ಬೇಡ, ನೀನು ಬಂದ್ರೆ ಸಾಕು," ಎಂದಿದ್ದ ಎರ್ಗಾಶ್.

"ನಿಮಗೆ ಬೇಡ. ನಿಮ್ಮಮ್ಮನಿಗೆ?"

ಟ್ರೇಲರಿನ ಮೇಲೆ ನಿಂತು ಹತ್ತಿ ತುಳಿದು ಒತ್ತುವುದು ಅವನ ಕೆಲಸ. ಹಾಗಾಗಿ ಸಿಕ್ಕಿದಾಗಲೆಲ್ಲ ಅಂಗಿಯೊಳಗೆ ತುರುಕತೊಡಗಿದ.

ಆಟದ ಮಾತಲ್ಲ ಅದು. ಜಿಲ್ಲೆಯಿಂದ ಹತ್ತಿಯ ಉಸ್ತುವಾರಿಗೆ ಬಂದಿದ್ದ ಸಫರೋವ್ ಹಿಂದಿನ ವರ್ಷ ಒಂದು ತಲೆದಿಂಬಿಗಾಗಿ ಮುದುಕನೊಬ್ಬನನ್ನು ಜೈಲಿಗೆ ಕಳಿಸಿದ್ದ.

ಅಜ್ಜಿ ಅಟ್ಟದಿಂದ ಹಳೆಯ ಮರದ ಕೈಯಂತ್ರ ಇಳಿಸಿ ಬೀಜ ಬಿಡಿಸಿದಳು. ಅದಕ್ಕೆ ಸದ್ದಿಲ್ಲ. ಆದರೆ ಅರಳೆ ಹಾಗೇ ತುಂಬಿದರೆ ರಜಾಯಿ ಗಂಟುಗಂಟಾಗುತ್ತದೆ. ಎರಡು ಕೋಲು ಹಿಡಿದು ಹೂವಿನ ಹಾಗೆ ಅರಳುವ ತನಕ ಬಡಿಯಬೇಕು. ಆ ಸದ್ದು ಗೊತ್ತಿಲ್ಲದ ಕಿವಿ ಊರಲ್ಲಿ ಒಂದಿಲ್ಲ.

ಉಪಾಯ ಹೇಳಿದವನು ಎರ್ಗಾಶನೇ. ಸುತ್ತಲಿನ ಊರುಗಳಲ್ಲಿ ಅವನಷ್ಟು ಚೆನ್ನಾಗಿ ದಮ್ಮಡಿ ಬಾರಿಸುವವರಿರಲಿಲ್ಲ.

"ಕೊಯ್ಲು ಮುಗೀತು, ಇನ್ನು ಮದುವೆಗಳ ಸಾಲು. ನಾನು ಬಾರಿಸುವಾಗ ನೀನು ಬಡಿ. ನಿಲ್ಲಿಸೋ ಮುಂಚೆ ದೊಡ್ಡದಾಗಿ ಮೂರು ಪೆಟ್ಟು ಹಾಕ್ತೀನಿ. ಅದು ಕೇಳಿದ ತಕ್ಷಣ ಕೋಲು ಕೆಳಗಿಡು."

"ಮರೆತ್ರೆ?"

"ನಿನ್ನನ್ನಾ? ಸಾಯೋವರೆಗೂ ಇಲ್ಲ."

"ಪೆಟ್ಟು ಹಾಕೋದನ್ನ ಕೇಳಿದ್ದು ನಾನು!" ಎಂದು ಅವಳು ಮುಖ ತಿರುಗಿಸಿದಳು. ನಗು ಬಂದುಬಿಟ್ಟಿತ್ತು.

ಆ ತಿಂಗಳು ಅವರ ಪ್ರೀತಿಯೆಲ್ಲ ಗೋಡೆಯಾಚೆಯಿಂದಲೇ ನಡೆಯಿತು. ಅವನು ಬೇಕೆಂದೇ ತಾಳ ನಿಧಾನ ಮಾಡುತ್ತಿದ್ದ. ಅವಳು ಎತ್ತಿದ ಕೋಲು ಎತ್ತಿಯೇ ಕಾಯಬೇಕು. ಇದ್ದಕ್ಕಿದ್ದಂತೆ ಓಡಿಸುತ್ತಿದ್ದ; ಅವಳಿಗೆ ತೋಳು ಸೋತು ಹೋಗುತ್ತಿತ್ತು. "ನಾಳೆ ಸಿಗಿ, ಮಾಡ್ತೀನಿ ನಿಮಗೆ," ಎಂದು ಒಬ್ಬಳೇ ಬೈಯುತ್ತ, ಕೂದಲ ತುಂಬ ಅರಳೆ ಮೆತ್ತಿಕೊಂಡು ಬಡಿಯುತ್ತಿದ್ದಳು. ಅಷ್ಟು ಸುಖ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಕೊನೆಯ ರಜಾಯಿಯ ಅರಳೆ ಉಳಿದಿದ್ದಾಗ ಪಕ್ಕದ ಮನೆಯಲ್ಲೇ ಮದುವೆ ಬಂತು. ಇನೋಯತ್ ಚಿಕ್ಕಮ್ಮನ ಮಗಳದ್ದು. ನಡುವೆ ಒಂದೇ ಮಣ್ಣಿನ ಗೋಡೆ. ಇನೋಯತ್‌ಳ ಮಗ ಮಹ್ಕಾಮ್ ಸೈನ್ಯ ಸೇರಿ ಅಫ್ಘಾನಿಸ್ತಾನದಲ್ಲಿದ್ದ. ಅವನೂ ಎರ್ಗಾಶನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು; ಇಬ್ಬರೂ ದಮ್ಮಡಿ ಕಲಿತದ್ದು ಒಟ್ಟಿಗೇ. "ತಂಗಿ ಮದುವೆಗೆ ರಜೆ ಸಿಗಲಿಲ್ಲ, ನನ್ನ ಪಾಲಿನದನ್ನೂ ನೀನೇ ಬಾರಿಸು," ಎಂದು ಹೇಳಿ ಕಳಿಸಿದ್ದನಂತೆ.

ಮಧ್ಯಾಹ್ನ ದಮ್ಮಡಿ ಶುರುವಾಯಿತು. ಅಜ್ಜಿ ಹೊಸ ರುಮಾಲು ಕಟ್ಟಿ ಮದುವೆಮನೆಗೆ ಹೋದಳು. ಸನೋಬರ್ ಒಳಕೋಣೆಯಲ್ಲಿ ಕೋಲು ಹಿಡಿದಳು. ಆಚೆಯವನು ಅಂದು ತುಂಬ ಕುಶಾಲಿನಲ್ಲಿದ್ದ. ಹತ್ತಿರ ಬಂದ ಹಾಗೆ ಮಾಡಿ ದೂರ ಹೋಗುವ ತಾಳ; ಇವಳಿಗೆ ತಡೆಯದೆ ನಗು.

ಇದ್ದಕ್ಕಿದ್ದಂತೆ ಹೆಂಗಸೊಬ್ಬಳು ಕಿರುಚಿದ್ದು ಕೇಳಿತು. ಮದುಮಗಳನ್ನು ಕಳಿಸುವಾಗ ಅಳುವುದು ಇದ್ದದ್ದೇ ಎಂದುಕೊಂಡು ಬಡಿಯುತ್ತಲೇ ಇದ್ದಳು. ಓಲಗ ನಿಂತುಹೋಯಿತು. ದಮ್ಮಡಿ ನಿಲ್ಲಲಿಲ್ಲ. ನಿಲ್ಲುವುದಿರಲಿ, ಹುಚ್ಚು ಹಿಡಿದಂತೆ ಜೋರಾಯಿತು. ಆಮೇಲೆ ದೊಡ್ಡದಾಗಿ ಮೂರು ಪೆಟ್ಟು. ಅವಳು ಕೋಲು ಕೆಳಗಿಟ್ಟಳು.

ಗೋಡೆಯಾಚೆ ಸದ್ದೇ ಇಲ್ಲ. ಮರುಕ್ಷಣ ಇನೋಯತ್ ಚಿಕ್ಕಮ್ಮನ ದನಿ: "ಮಹ್ಕಾಮ್! ನನ್ನ ಕಂದಾ!"

ಸೈನ್ಯದ ಕಚೇರಿಯಿಂದ ಇಬ್ಬರು ಬಂದು ಬಾಗಿಲಲ್ಲೇ ಟೋಪಿ ತೆಗೆದು ನಿಂತಿದ್ದರಂತೆ. ಅಜ್ಜಿ ಬಂದು ಗೋಡೆಗೆ ಒರಗಿ ಕುಸಿದಳು.

"ಎಲ್ಲಾ ನಿಲ್ಲಿಸಿದ್ರು. ಅವನೊಬ್ಬ ನಿಲ್ಲಿಸಲಿಲ್ಲ ಕಣೇ. ಹೆತ್ತವಳು ನೆಲಕ್ಕೆ ಬಿದ್ದು ಹೊರಳ್ತಾ ಇದಾಳೆ, ಅವನು ಬಾರಿಸ್ತಾ ಇದಾನೆ. ಸಫರೋವ್ ಪಕ್ಕದಲ್ಲೇ ಕೂತಿದ್ದ. ಜನ ಮೇಲೆ ಬಿದ್ದು ಹೊಡೆದ್ರು. ಅವನಪ್ಪನೇ ಮೊದಲು ಕೈ ಎತ್ತಿದ್ದು."

"ಎರ್ಗಾಶ್ ಏನಂದ್ರು?"

"ಏನಂತಾನೆ? ತುಟಿ ಒಡೆದು ರಕ್ತ ಸುರೀತಿತ್ತು, ಬಾಯಿ ಬಿಡಲಿಲ್ಲ."

ಸನೋಬರ್ ಅರಳೆಯ ರಾಶಿಯಲ್ಲಿ ಮುಖ ಹುದುಗಿಸಿ ಅತ್ತಳು. ತನ್ನ ಮೇಲೆಯೇ ಅಸಹ್ಯವಾಯಿತು. ಆ ಹೊತ್ತಿಗೆ ತಾನು ನಗುತ್ತಿದ್ದೆ.

ಮರುದಿನ ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆಯಲ್ಲಿ ಮಹ್ಕಾಮ್‌ನ ಹೆಣ ಬಂತು. ಊರ ಗಂಡಸರೆಲ್ಲ ಸರದಿಯಂತೆ ಹೆಗಲು ಕೊಟ್ಟರು. ಎರ್ಗಾಶ್ ಹತ್ತಿರ ಬಂದಾಗ ಒಬ್ಬ ಎದೆಗೆ ಕೈಯಿಟ್ಟು ತಳ್ಳಿದ. ಅವನು ದಾರಿ ಬಿಟ್ಟು ಹೊಲಕ್ಕಿಳಿದು, ಒಣಗಿದ ಹತ್ತಿ ಕಡ್ಡಿಗಳ ನಡುವೆ ತಲೆ ತಗ್ಗಿಸಿ ಹಿಂದಿನಿಂದ ನಡೆದ. ಅಂಗಡಿಯವನು ಅವನಿಗೆ ಚಹಾಪುಡಿ ಕೊಡಲಿಲ್ಲ. ಅವನ ತಾಯಿ ಬೀದಿಗೆ ಬರುವುದನ್ನೇ ಬಿಟ್ಟಳು.

ಒಂದು ಸಂಜೆ, ಕತ್ತಲಾಗುವ ಮುಂಚೆ, ಹಿತ್ತಲಿನ ಕಡ್ಡಿ ಮೆದೆಯ ಮರೆಗೆ ಅವನು ಬಂದ. ಅಂದು ಅಂಗಿಯೊಳಗೆ ಏನೂ ಇರಲಿಲ್ಲ. ಕಣ್ಣು ಊದಿತ್ತು.

"ಯಾಕೆ ಬಾರಿಸಿದಿರಿ?"

"ನಾನು ನಿಲ್ಲಿಸಿದ್ರೆ ನಿನ್ನ ಕೋಲು ನಿಲ್ತಿತ್ತಾ? ಅಷ್ಟು ನಿಶ್ಶಬ್ದ, ಸನೋಬರ್. ಸಫರೋವ್ ಕಿವಿ ನನಗೆ ಕಾಣ್ತಾ ಇತ್ತು."

"ಅವನು ನಿಮ್ಮ ಜೀವದ ಗೆಳೆಯ."

"ಹೆಸರು ಕೇಳಿಸ್ತು. ಮಹ್ಕಾಮ್ ಅಂದದ್ದು ಚೆನ್ನಾಗಿ ಕೇಳಿಸ್ತು. ಕೈ ಮಾತ್ರ ನಿಲ್ಲಿಸಲಿಲ್ಲ. ಮನುಷ್ಯನಾ ನಾನು?"

ಅವಳು ಅವನ ಊದಿದ ಕೆನ್ನೆ ಮುಟ್ಟಿದಳು. ಅಲ್ಲಿಯವರೆಗೆ ಅವರಿಬ್ಬರೂ ಬೆರಳು ಕೂಡ ತಾಗಿಸಿಕೊಂಡಿರಲಿಲ್ಲ.

"ನಾನು ಎಲ್ಲರಿಗೂ ಹೇಳಿಬಿಡ್ತೀನಿ."

"ಹುಚ್ಚಾ ನಿನಗೆ? ಅಜ್ಜಿನೂ ಸೇರಿಸಿ ಎಳ್ಕೊಂಡು ಹೋಗ್ತಾರೆ. ನನಗೆ ಕೆಟ್ಟ ಹೆಸರು ಬಂದ್ರೆ ಯಾರೂ ಸಾಯಲ್ಲ."

"ನೀವು ಸಾಯ್ತೀರಿ. ಈಗಲೇ ಅರ್ಧ ಸತ್ತಿದೀರಿ."

"ರಷ್ಯಾ ಕಡೆ ಹೋಗ್ತೀನಿ, ಮರ ಕಡಿಯೋ ಕೆಲಸಕ್ಕೆ. ನಿನಗೆ ಎಲ್ಲಾದರೂ ಒಳ್ಳೇ ಸಂಬಂಧ ಬಂದ್ರೆ..."

"ಬಾಯಿ ಮುಚ್ಚಿ," ಎಂದಳು ಅವಳು. "ಇನ್ನೊಂದು ಮಾತಾಡಿದ್ರೆ ನಾನೇ ಹೊಡೀತೀನಿ."

ಏಳನೇ ದಿನದ ಊಟಕ್ಕೆ ಊರೆಲ್ಲ ಇನೋಯತ್‌ಳ ಅಂಗಳದಲ್ಲಿ ಸೇರಿತ್ತು. ಸಫರೋವ್ ಕೂಡ ಬಂದಿದ್ದ. ಸನೋಬರ್ ಮನೆಯಲ್ಲಿ ಎಲ್ಲಕ್ಕಿಂತ ಮೇಲಿನ ರಜಾಯಿ ಎಳೆದುಕೊಂಡಳು. ಅಜ್ಜಿ ತಡೆಯಲಿಲ್ಲ.

"ಹೋಗು. ನನಗೇನು, ಜೈಲಲ್ಲೂ ರೊಟ್ಟಿ ಕೊಡ್ತಾರೆ. ಹಲ್ಲಿಲ್ಲ ಅಂತ ಮೊದಲೇ ಹೇಳಿಬಿಡು."

ಅಂಗಳದ ನಡುವೆ, ಗಂಡಸರ ಎದುರಿಗೇ, ಅವಳು ರಜಾಯಿಯನ್ನು ಇನೋಯತ್‌ಳ ಕಾಲ ಬಳಿ ಹಾಸಿದಳು.

"ಚಿಕ್ಕಮ್ಮ, ಆವತ್ತು ಗೋಡೆಯಾಚೆ ನಾನು ಅರಳೆ ಬಡೀತಿದ್ದೆ. ಎರ್ಗಾಶ್ ನಿಲ್ಲಿಸಿದ್ರೆ ನನ್ನ ಸದ್ದು ಎಲ್ಲರಿಗೂ ಕೇಳಿಸ್ತಿತ್ತು. ನನ್ನನ್ನ ಉಳಿಸೋಕೆ ಬಾರಿಸಿದ್ರು. ನಿಮ್ಮ ಮಗನಿಗೆ ಅವಮಾನ ಮಾಡೋಕಲ್ಲ. ಹತ್ತಿ ಕದ್ದವಳು ನಾನು."

ಇನೋಯತ್ ನಿಧಾನವಾಗಿ ಬಗ್ಗಿ ರಜಾಯಿಯ ಮೇಲೆ ಕೈಯಾಡಿಸಿದಳು.

"ಇಷ್ಟಕ್ಕಾ?" ಎಂದಳು. "ಇಷ್ಟಕ್ಕಾ ಆ ಹುಡುಗನ್ನ ಹೊಡೆದದ್ದು ನಾವು?" ಆಮೇಲೆ ಸಫರೋವ್ ಕಡೆ ತಿರುಗಿದಳು. "ಬನ್ನಿ ಸಾಹೇಬ್ರೆ, ಇದರ ಮೇಲೆ ಕೂತ್ಕೊಳ್ಳಿ. ಮೆತ್ತಗಿದೆ. ನನ್ನ ಮಗ ನಡೆಯೋಕೆ ಕಲಿತಾಗಿನಿಂದ ಕಿತ್ತ ಹತ್ತಿನೇ ಇದು."

ಸಫರೋವ್ ಕೂರಲಿಲ್ಲ.

"ಹೊಲದಿಂದ ಹೋಗೋ ಹೆಂಗಸರನ್ನೆಲ್ಲ ತಡಕಿ ಕಳಿಸ್ತಾರೆ," ಎಂದ ತಣ್ಣಗೆ. "ನೀನು ಹೇಗೆ ತಂದೆ?"

ಸನೋಬರ್‌ಗೆ ಅದು ಹೊಳೆದೇ ಇರಲಿಲ್ಲ.

"ನಾನು ತಂದುಕೊಟ್ಟೆ."

ಬಾಗಿಲ ಹೊರಗಿನ ದನಿ. ದುಃಖದ ಏಳು ದಿನವೂ ಎರ್ಗಾಶ್ ಅಲ್ಲೇ, ಗೋಡೆಯ ಹೊರಗೆ ನಿಂತಿದ್ದ, ಒಳಗೆ ಕರೆಯುವವರಿರಲಿಲ್ಲ. "ಟ್ರೇಲರಿನಿಂದ ಕದ್ದೆ. ಈ ಹುಡುಗಿ ಹೆದರಿ ಏನೇನೋ ಹೇಳ್ತಾ ಇದಾಳೆ. ಬರೀ ಹೊಲಿದವಳು ಅವಳು."

"ಇಲ್ಲ!" ಎಂದಳು ಸನೋಬರ್. ಅವನನ್ನು ಉಳಿಸಲು ಬಂದವಳು ತಾನೇ ಅವನನ್ನು ಹಿಡಿದುಕೊಟ್ಟಂತಾಗಿತ್ತು.

ಇನೋಯತ್ ಬಾಗಿಲಿಗೆ ಹೋಗಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಹುಚ್ಚು ಮುಂಡೇದೇ, ಒಂದು ಮಾತು ಹೇಳಬಾರದಿತ್ತಾ? ಒಳಗೆ ಬಾ. ನನ್ನ ಮಗನ ಊಟ ಉಣ್ಣು." ಅವನನ್ನು ಹೊಡೆದ ಗಂಡಸರು ಸರಿದು ಜಾಗ ಕೊಟ್ಟರು. ಅವನಪ್ಪ ತಟ್ಟೆಗೆ ಪಲಾವ್ ಬಡಿಸಿದ. ಅಷ್ಟು ಹೊತ್ತು ಮಾತ್ರ ಸಫರೋವ್ ಕಾದ.

ಸಂಜೆಯೊಳಗೆ ಜೀಪು ಬಂತು. ಪೊಲೀಸರು ಎರ್ಗಾಶ್‌ನೊಬ್ಬನನ್ನೇ ಹಿಡಿದು ಅದರಲ್ಲಿ ಕೂರಿಸಿದರು. ಸನೋಬರ್ ಮನೆಯ ರಜಾಯಿಗಳನ್ನೆಲ್ಲ ಹೊರಗೆ ತಂದು ಜೀಪಿನ ಹಿಂದೆ ತುಂಬಿದರು. ಹೊರಲು ಊರವರನ್ನು ಕರೆದರೆ ಒಬ್ಬನೂ ಮುಂದೆ ಬರಲಿಲ್ಲ. ಪೊಲೀಸರೇ ಹೊತ್ತರು.

ದೂರ ಹೋಗುವವರು ಅಲ್ಲಿ ಹಾಗೇ ಹೋಗುವುದಿಲ್ಲ. ರೊಟ್ಟಿಯಿಂದ ಒಂದು ತುತ್ತು ಕಚ್ಚಿ, ಉಳಿದದ್ದನ್ನು ಮನೆಯ ಗೂಟಕ್ಕೆ ತೂಗಹಾಕಿ ಹೋಗುತ್ತಾರೆ. ತಿರುಗಿ ಬಂದು ಅವರೇ ತಿಂದು ಮುಗಿಸಬೇಕು. ಮಹ್ಕಾಮ್ ಕಚ್ಚಿಟ್ಟ ರೊಟ್ಟಿ ಇನ್ನೂ ಇನೋಯತ್‌ಳ ಕೋಣೆಯಲ್ಲಿ ತೂಗುತ್ತಿತ್ತು. ಅದಕ್ಕೇ ಅಂದು ರೊಟ್ಟಿ ತರಲು ಯಾರಿಗೂ ಧೈರ್ಯ ಬರಲಿಲ್ಲ. ಎರ್ಗಾಶ್‌ನ ತಾಯಿ ಕೂಡ ರುಮಾಲಿನ ತುದಿ ಬಾಯಿಗೆ ಒತ್ತಿ ನಿಂತಿದ್ದಳು.

ಸನೋಬರ್ ಊಟದ ಬಟ್ಟೆಯ ಮೇಲಿದ್ದ ಒಂದು ರೊಟ್ಟಿ ಎತ್ತಿಕೊಂಡು ಜೀಪಿನ ಹತ್ತಿರ ಓಡಿದಳು. ಮದುವೆಯಾಗದ ಹುಡುಗಿ, ಊರೆಲ್ಲ ನೋಡುತ್ತಿದ್ದಂತೆ, ಅವನ ಬಾಯಿಗೆ ಹಿಡಿದಳು.

"ಕಚ್ಚಿ."

ಅವನು ಅವಳ ಕಣ್ಣುಗಳನ್ನೇ ನೋಡುತ್ತ ಕಚ್ಚಿದ. ಒಡೆದ ತುಟಿಗೆ ನೋವಾಗಿರಬೇಕು.

"ಉಪ್ಪು ಕಮ್ಮಿ," ಎಂದ.

"ಬಂದು ಪೂರ್ತಿ ತಿಂದು ಆಮೇಲೆ ತಪ್ಪು ಹುಡುಕಿ. ನಾನು ಕಾಯ್ತೀನಿ. ಕೇಳಿಸ್ತಾ? ಎಷ್ಟು ವರ್ಷ ಆದ್ರೂ ಕಾಯ್ತೀನಿ, ನನಗೆ ನೀವೇ ಬೇಕು."

ಅವನು ಏನೋ ಹೇಳಲು ಹೋದ. ಬಾಯಲ್ಲಿ ರೊಟ್ಟಿಯಿತ್ತು, ಕಣ್ಣಲ್ಲಿ ನೀರಿತ್ತು; ಜೀಪು ಹೊರಟೇಬಿಟ್ಟಿತು.

ಧೂಳು ಇಳಿದ ಮೇಲೆ ಎರ್ಗಾಶ್‌ನ ತಾಯಿ ಬಂದು ಕೈ ಚಾಚಿದಳು. ರೊಟ್ಟಿ ತೂಗಬೇಕಾದದ್ದು ಅವನ ಮನೆಯಲ್ಲಿ, ನ್ಯಾಯವೇ. ಸನೋಬರ್ ಕೊಟ್ಟಳು. ಆ ಹೆಂಗಸು ಮಗನ ಹಲ್ಲಿನ ಗುರುತನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ರೊಟ್ಟಿಯನ್ನು ವಾಪಸು ಹುಡುಗಿಯ ಕೈಯಲ್ಲಿಟ್ಟಳು.

"ನೀನೇ ತಂದು ಗೂಟಕ್ಕೆ ಹಾಕು. ಅಜ್ಜಿನೂ ಕರ್ಕೊಂಡು ಬಾ. ಇನ್ನು ನಮ್ಮನೇಲೇ ಇರಿ."

"ಬರೀ ಕೈಯಲ್ಲಿ ಹೇಗೆ ಬರಲಿ ಅತ್ತೆ? ಒಂದು ರಜಾಯಿನೂ ಬಿಡಲಿಲ್ಲ ಅವರು."

"ಚಳಿಯಾದ್ರೆ ಇಬ್ಬರೂ ಒಂದೇ ಹೊದಿಕೇಲಿ ಮಲಗೋಣ. ನಡಿಯೇ," ಎಂದಳು ಅತ್ತೆ, ಅವಳ ತೋಳು ಹಿಡಿದು.