ಬೆಂಚಿನ ಎಡಬದಿ

ಸುಗುಣಕ್ಕ ತೀರಿಕೊಂಡು ತಿಂಗಳಾಗಿತ್ತು. ನಾನಿನ್ನೂ ಅತ್ತಿರಲಿಲ್ಲ. ಕುಂದಾಪುರದ ಸಭಾಂಗಣದಲ್ಲಿ ನನ್ನ ಪಿಯಾನೋ ವಾದನದ ವಿಡಿಯೋ ಮಾಡುವುದೆಂದು ಮೊದಲೇ ಒಪ್ಪಿಯಾಗಿತ್ತು, ಹೋದೆ.

ಉರಿಬಿಸಿಲ ಮಧ್ಯಾಹ್ನ. ಸದ್ದು ಸೇರಬಾರದೆಂದು ಫ್ಯಾನು ಆರಿಸಿದ್ದರು.

"ಸೌಮ್ಯಕ್ಕಾ, ಮಧ್ಯ ಕೂಕಣಿ," ಎಂದ ಕ್ಯಾಮೆರಾದ ಶೈಲೇಶ್.

ಬೆಂಚಿನ ಎಡಬದಿ ಖಾಲಿ ಬಿಟ್ಟು ಕುಳಿತಿದ್ದೇನೆಂದು ಆಗಲೇ ಗೊತ್ತಾದದ್ದು. ಅದು ಅಕ್ಕನ ಜಾಗ. ಚಿಕ್ಕಂದಿನಿಂದ ಒಂದೇ ಪಿಯಾನೋದಲ್ಲಿ ಇಬ್ಬರೂ ನುಡಿಸುತ್ತಿದ್ದೆವು. ಸರಿದು ಕುಳಿತೆ. ಬೆವರು ಇಳಿಯುವ ಆ ಸೆಕೆಯಲ್ಲೂ ಎಡಗಡೆಯ ಕೀಗಳು ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿದ್ದವು.

ವೇಗದ ಭಾಗ ಬರುವ ಮುಂಚೆ ಅಕ್ಕ ಯಾವಾಗಲೂ ಮೆಲ್ಲಗೆ "ಹೋಪ" ಎನ್ನುತ್ತಿದ್ದಳು, ಹೋಗೋಣ ಅಂತ. ಅಂದೂ ಎಡಗಿವಿಯ ಹತ್ತಿರ ಅದು ಕೇಳಿತು. ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. ಕೊನೆಯವರೆಗೆ ನುಡಿಸಿದೆ.

ಶೈಲೇಶ್ ಹೆಡ್‌ಫೋನ್ ತೆಗೆದ. "ಲಾಯ್ಕ್ ಬಂತ್. ಆದ್ರೆ ಮಧ್ಯ ಎಂತಕೆ ಮಾತಾಡ್ದ್ರಿ?"

"ನಾ ಮಾತಾಡ್ಲಿಲ್ಲೆ."

ಅವನು ವಿಡಿಯೋ ಹಾಕಿ ತೋರಿಸಿದ. "ಹೋಪ" ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಅದು ಕೇಳಿದ ಜಾಗದ ನಂತರ, ವಾದನದ ನಡುವೆ, ಸ್ಪಷ್ಟವಾಗಿ ನನ್ನದೇ ದನಿ ಇದೆ: "ಬತ್ತೆ, ಅಕ್ಕಾ."

ಪರದೆಯಲ್ಲಿ ನನ್ನ ತುಟಿ ಬಿಗಿದೇ ಇದೆ.