ಹೇಳಿದವರ ಹೆಸರು

ಪ್ರೂಫ್ ನೋಡಲು ಒಂದು ಸಲ ಬಂದರೆ ಸಾಕಿತ್ತು. ನಯನಾ ನಾಲ್ಕನೇ ಸಲ ಬಂದಿದ್ದಳು.

ದಾವಣಗೆರೆಯ ಮಂಡಿಪೇಟೆಯ ಸಂದಿಯೊಂದರಲ್ಲಿ ಆ ಪುಟ್ಟ ಪ್ರೆಸ್ಸು ಇತ್ತು. ಕಿಟಕಿಯ ಬಳಿ ನಿಂತು ಅಚ್ಚಿನ ಮೊಳೆ ಜೋಡಿಸುತ್ತಿದ್ದ ನಿಂಗರಾಜ್ ಅವಳ ಚಪ್ಪಲಿಯ ಸದ್ದು ಕೇಳಿದರೂ ತಲೆಯೆತ್ತುತ್ತಿರಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಮೆಲ್ಲಗೆ ಮೇಲೇರುತ್ತಿತ್ತು. ಅಷ್ಟನ್ನು ನೋಡಲೆಂದೇ ತಾನು ಬರುತ್ತಿದ್ದೇನೆ ಎಂಬುದನ್ನು ನಯನಾ ಇನ್ನೂ ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

"ಮೇಡಂ, ಇಲ್ಲೊಂದು ಕಾಮಾ ಜಾಸ್ತಿ ಐತೆ. ತೆಗೀಲಾ?"

"ತೆಗೀರಿ."

"ಮೊನ್ನೆ ನೀವೇ ಹಾಕ್ಸಿದ್ರಿ."

"ಹಂಗಾದ್ರೆ ಇರ್ಲಿ."

"ಇಟ್ರೆ ನಾಳೆ ಮತ್ತೆ ತೆಗ್ಸಾಕೆ ಬರ್ತೀರಿ." ಅವನು ಈಗ ಕಣ್ಣೆತ್ತಿದ. "ಬರ್ರಿ. ನಂಗೇನೂ ಬ್ಯಾಸ್ರಿಲ್ಲ."

ಅವಳು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

1998ರ ಆಗಸ್ಟ್ ತಿಂಗಳು. ನಯನಾ ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು ಹತ್ತಿ ಹರಿಹರದ ಒಂದು ಖಾಸಗಿ ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸಲು ಹೋಗುತ್ತಿದ್ದಳು. ನಿಂಗರಾಜ್ ಹರಿಹರದಿಂದ ದಾವಣಗೆರೆಗೆ ಬರುತ್ತಿದ್ದ. ಆ ವರ್ಷ ಒಂಬತ್ತನೇ ತರಗತಿಯ ಮಕ್ಕಳು ಜಿಲ್ಲಾ ಪ್ರದರ್ಶನಕ್ಕೆ ಊರಿನ ಬಗ್ಗೆ ಪ್ರಾಜೆಕ್ಟ್ ಬರೆಯಬೇಕಿತ್ತು. ಗೈಡ್ ನೋಡಿ ಇಳಿಸುವ ಚಾಳಿ ಬಿಡಿಸಬೇಕೆಂದು ನಯನಾ ಪಣ ತೊಟ್ಟಿದ್ದಳು. ಪುಟದಲ್ಲಿ ಎಷ್ಟು ಅಂಚು ಬಿಡಬೇಕು, ಬೇರೆಯವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹೇಗೆ ಇಡಬೇಕು, ಕೊನೆಯಲ್ಲಿ ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ ಹೇಗೆ ಬರೆಯಬೇಕು ಎಂದು ಎಂ.ಎ.ಯಲ್ಲಿ ಕಲಿತದ್ದನ್ನೆಲ್ಲ ಒಂದೇ ಹಾಳೆಗೆ ಇಳಿಸಿ ಅಚ್ಚಿಗೆ ಕೊಟ್ಟಿದ್ದಳು.

"ಎಲ್ಲಾ ಪುಸ್ತಕದ್ದೇ ಐತಲ್ಲ ಮೇಡಂ," ಎಂದ ನಿಂಗರಾಜ್. "ಯಾರಾದ್ರೂ ಬಾಯಲ್ಲಿ ಹೇಳಿದ್ದು ಬರೆದ್ರೆ?"

"ಬಾಯಿಮಾತೆಲ್ಲ ಆಧಾರ ಆಗಲ್ಲ ರೀ. ಅಚ್ಚಾಗಿರ್ಬೇಕು."

"ಓದಿದೋರು ನೀವು," ಎಂದು ಅವನು ಮತ್ತೆ ಮೊಳೆಗಳತ್ತ ಬಗ್ಗಿದ.

ಹದಿನೈದು ದಿನಗಳಾದ ಮೇಲೆ ಪ್ರಾಜೆಕ್ಟ್‌ಗಳು ಬಂದವು. ಹೆಚ್ಚಿನವು ಸಪ್ಪೆ. ಆದರೆ ಹಿಂದಿನ ಬೆಂಚಿನ ಚೌಡೇಶ್ವರಿ ಹರಿಗೋಲಿನ ಬಗ್ಗೆ ಬರೆದಿದ್ದಳು. ಕ್ಲಾಸಿನಲ್ಲಿ ಬಾಯಿ ತೆರೆಯದ ಹುಡುಗಿ. ಅವಳ ಮೂರನೇ ಪುಟದಲ್ಲಿ ನಯನಾಳ ಕಣ್ಣು ನಿಂತಿತು:

"ಹೊಳೆ ಏರುವಾಗ ಮೊದಲು ಸದ್ದು ಕಡಿಮೆಯಾಗುತ್ತದೆ. ಕಲ್ಲುಗಳೆಲ್ಲ ಮುಳುಗಿದ ಮೇಲೆ ನೀರಿಗೆ ಜಗಳಾಡಲು ಯಾರೂ ಉಳಿದಿರುವುದಿಲ್ಲ. ಸುಮ್ಮನಿರುವ ಹೊಳೆಗೆ ಹರಿಗೋಲು ಹಾಕಬಾರದು."

ಹದಿನಾಲ್ಕು ವರ್ಷದ ಹುಡುಗಿ ಬರೆಯುವ ಮಾತೇ ಇದು? ಕೊನೆಯಲ್ಲಿ ಆಧಾರದ ಪಟ್ಟಿ ಖಾಲಿ.

ಶುಕ್ರವಾರ ನಯನಾ ಅವಳನ್ನು ಎದ್ದು ನಿಲ್ಲಿಸಿದಳು.

"ಇದನ್ನ ಯಾವ ಪುಸ್ತಕದಿಂದ ತೆಗೆದೆ?"

"ಪುಸ್ತಕ ಅಲ್ಲ ಟೀಚರ್..."

"ಮತ್ತೆ ನಿನ್ನ ತಲೆಯಿಂದ ಬಂತಾ?"

ಮಕ್ಕಳು ನಕ್ಕರು. ಆ ನಗು ನಯನಾಗೆ ಹಿತವೆನಿಸಿತು. ಅವಳು ಕೆಂಪು ಇಂಕಿನಲ್ಲಿ ಆ ಪುಟದ ಮೇಲೆ 'ಕಳವು' ಎಂದು ಬರೆದು, ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಪ್ರದರ್ಶನದ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿ ಹೆಡ್‌ಮಾಸ್ಟರ್ ಹಾಲೇಶಪ್ಪನವರಿಗೆ ಕೊಟ್ಟಳು. ಚೌಡೇಶ್ವರಿ ಅಳಲಿಲ್ಲ. ಗಂಟೆ ಹೊಡೆಯುವ ತನಕ ನಿಂತೇ ಇದ್ದಳು. ಕೂತುಕೋ ಎನ್ನುವುದನ್ನು ನಯನಾ ಮರೆತಿದ್ದಳು.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ನಯನಾ ಸೀದಾ ಪ್ರೆಸ್ಸಿಗೆ ಹೋದಳು. ಅವನಿಗೆ ಹೇಳಲು ಅವಳ ಬಳಿ ಒಂದು ಕಥೆಯಿತ್ತು.

"ನಿಮ್ಮ ಹಾಳೆ ಕೆಲಸ ಮಾಡ್ತು ನೋಡ್ರಿ. ಒಬ್ಬಳು ಸಿಕ್ಕಿಬಿದ್ಲು. ಎಂಥಾ ಮಾತು ಕದ್ದಿದ್ಲು ಅಂತೀರಿ!" ಎಂದು ಹೊಳೆಯ ಆ ಸಾಲುಗಳನ್ನು ಬಾಯಿಪಾಠವಾಗಿ ಹೇಳಿದಳು. "ಎಲ್ಲರ ಮುಂದೆ ನಿಲ್ಲಿಸಿಬಿಟ್ಟೆ."

ನಿಂಗರಾಜ್‌ನ ಕೈ ಮೊಳೆಗಳ ಮೇಲೆ ನಿಂತಿತು.

"ಪುಸ್ತಕ ಸಿಕ್ತಾ?"

"ಇನ್ನೂ ಇಲ್ಲ. ಲೈಬ್ರರೀಲಿ ಹುಡುಕ್ಬೇಕು."

"ಸಿಗಲ್ಲ ಬಿಡ್ರಿ." ಅವನ ದನಿ ಸಣ್ಣದಾಗಿತ್ತು. "ಅದು ನಮ್ಮವ್ವ ಹೇಳಿದ್ದು. ಕೊಟ್ರವ್ವ ಅಂತ. ಅವರಪ್ಪ ಹೊಳ್ಯಾಗೆ ಹರಿಗೋಲು ಹಾಕ್ತಿದ್ದ. ಚೌಡಿ ನಮ್ಮಣ್ಣನ ಮಗಳು. ಅಣ್ಣ ಲೋಕಿಕೆರೆಯಾಗೆ ಅದಾನೆ, ಓದಾಕಂತ ಅವಳನ್ನ ನಮ್ಮ ಮನ್ಯಾಗೆ ಬಿಟ್ಟಾನೆ. ನಿನ್ನೆಯಿಂದ ಹೊಟ್ಟೆನೋವು ಅಂತ ಮಕ್ಕಂಡೈತೆ. ಇವತ್ತು ಸ್ಕೂಲಿಗೂ ಹೋಗ್ಲಿಲ್ಲ."

ಹಿಂದಿನ ಆ ಬೆಂಚು ಖಾಲಿಯಿದ್ದುದನ್ನು ನಯನಾ ಬೆಳಿಗ್ಗೆ ನೋಡಿದ್ದಳು. ನೋಡಿ, ನಾಚಿಕೆಯಾಗಿರಬೇಕು, ಆಗಲಿ ಎಂದುಕೊಂಡಿದ್ದಳು.

"ನಿಮ್ಮ ಮನೆ ಹುಡುಗಿ ಅಂತ ನೀವು ಹೇಳ್ಲೇ ಇಲ್ಲ..."

"ಹೇಳಿದ್ರೆ ಶಿಫಾರಸು ಅಂತ ತಿಳ್ಕಂಡೀರಿ ಅಂತ ಸುಮ್ನಿದ್ದೆ." ಅವನು ಅವಳತ್ತ ನೋಡದೆ ಮೊಳೆಯೊಂದನ್ನು ಪೆಟ್ಟಿಗೆಯಲ್ಲಿ ಅದರ ಮನೆಗೆ ಹಾಕಿದ. "ಯಾರ ಮನೆ ಹುಡುಗಿ ಆದ್ರೇನ್ರಿ."

ಅವಳು ಹೊರಗೆ ಬಂದಳು. ತಂದಿದ್ದ ಛತ್ರಿ ಒಳಗೇ ಉಳಿಯಿತು. ವಾಪಸು ಹೋಗಿ ಅದನ್ನು ಕೇಳುವ ಮುಖವೂ ಅವಳಿಗಿರಲಿಲ್ಲ.

ಭಾನುವಾರ ಮಧ್ಯಾಹ್ನ ವಿಳಾಸ ಕೇಳಿಕೊಂಡು ಹರಿಹರದ ಹೊಳೆದಂಡೆಯ ಆ ಮನೆಗೆ ಹೋದಳು. ನಿಂಗರಾಜ್ ಮನೆಯಲ್ಲಿರಲಿಲ್ಲ. ಇಲ್ಲದಿದ್ದುದೇ ಒಳ್ಳೆಯದಾಯಿತು ಎನಿಸಿತು, ಆದರೂ ಬಾಗಿಲ ಬಳಿಯ ಗೂಟದಲ್ಲಿ ತೂಗುತ್ತಿದ್ದ ಅವನ ಅಂಗಿಯ ಮೇಲೆ ಕಣ್ಣು ಹೋಯಿತು.

"ಕೂಡ್ರಿ ಮೇಡಮ್ಮಾರೆ," ಎಂದು ಕೊಟ್ರವ್ವ ಚಾಪೆ ಹಾಸಿದಳು. ಏನಾಗಿದೆಯೆಂದು ಮುದುಕಿಗೆ ಯಾರೂ ಹೇಳಿರಲಿಲ್ಲ. "ನಮ್ಮಪ್ಪ ಮೈಲಪ್ಪನ ಸುದ್ದಿ ಹುಡುಗಿ ಬರೆದಾಳಂತೆ. ನಿಮಗೆ ಸೇರ್ತಾ?"

ನಯನಾ ಚಾಪೆಯ ಅಂಚಿನಲ್ಲಿ ಕೂತಳು. "ಬಾಳ ಸೇರ್ತವ್ವಾ."

"ನಾ ಓದಿಲ್ಲ, ಬರ್ದಿಲ್ಲ. ನನ್ನ ಮಾತು ಪುಸ್ತಕದಾಗೆ ಬರ್ತಾವು ಅಂದ್ರೆ..." ಎಂದು ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವಿನೆದುರು ನಯನಾ ಕುಗ್ಗಿಹೋದಳು.

ಹಿತ್ತಲಲ್ಲಿ ಚೌಡೇಶ್ವರಿ ಪಾತ್ರೆ ತೊಳೆಯುತ್ತಿದ್ದಳು. ನಯನಾ ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ತಪ್ಪಾಯ್ತು ಚೌಡೇಶ್ವರಿ. ನಾನು ನಿನ್ನ ಕೇಳ್ಬೇಕಿತ್ತು."

ಹುಡುಗಿ ಕೈಯಲ್ಲಿದ್ದ ತಟ್ಟೆಯನ್ನು ತೊಳೆದು ಬೋರಲು ಹಾಕಿದಳು. ಆಮೇಲೆ ತಲೆಯೆತ್ತದೆ ಅಂದಳು: "ಕಳ್ಳಿ ಅಂತ ಎಲ್ಲರ ಮುಂದೆ ಅಂದ್ರಿ. ತಪ್ಪಾಯ್ತು ಅಂತ ಹಿತ್ತಲದಾಗೆ ಹೇಳ್ತೀರಿ."

ನಯನಾ ಎದ್ದು ನಿಂತಳು. "ನಾಳೆ ಬಾ," ಎಂದಷ್ಟೇ ಹೇಳಿದಳು.

ಸೋಮವಾರ ನಯನಾ ಹೇಳಿದ್ದನ್ನೆಲ್ಲ ಕೇಳಿ ಹಾಲೇಶಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಟ್ಟಿ ಶನಿವಾರಾನೇ ಹೋತು. ಇನ್ನ ಸೇರಿಸಾಕೆ ಆಗಲ್ಲ. ಟೀಚರ್ ಆಗಿ ಮಕ್ಕಳ ಮುಂದೆ ತಪ್ಪಾತು ಅಂದ್ರೆ ನಾಳೆ ನಿಮ್ಮ ಮಾತು ಯಾರು ಕೇಳ್ತಾರ್ರೀ? ನಿಮ್ದು ಇನ್ನೂ ಟೆಂಪರರಿ ಕೆಲಸ, ನೆನಪಿರ್ಲಿ."

ನಯನಾ "ಸರಿ ಸರ್" ಎಂದು ಕ್ಲಾಸಿಗೆ ಹೋದಳು. ಚೌಡೇಶ್ವರಿ ಬಂದಿದ್ದಳು. ಬಾಗಿಲ ಹತ್ತಿರವೇ ಕೂತಿದ್ದಳು, ಬೇಕಾದರೆ ಎದ್ದು ಓಡಬಹುದು ಎನ್ನುವಂತೆ.

"ಚೌಡೇಶ್ವರಿ ಕದ್ದಿಲ್ಲ," ಎಂದಳು ನಯನಾ. "ಅವಳು ಅಜ್ಜಿ ಹೇಳಿದ್ದನ್ನ ಬರೆದಿದ್ದಾಳೆ. ನಾನು ಕೇಳದೆ, ಹುಡುಕದೆ ಕಳ್ಳಿ ಅಂದೆ. ನೀವು ನಗೋ ಹಂಗೆ ಮಾಡ್ದೆ. ತಪ್ಪು ನಂದು. ಚೌಡೇಶ್ವರಿ, ನನ್ನ ಕ್ಷಮಿಸು."

ಅವಳು ಬೋರ್ಡಿನ ಮೇಲೆ ಬರೆದಳು: 'ಕೊಟ್ರವ್ವ, ಹರಿಗೋಲಿನ ಮೈಲಪ್ಪನವರ ಮಗಳು, ಹರಿಹರ. ಮೊಮ್ಮಗಳಿಗೆ ಹೇಳಿದ್ದು, ಆಗಸ್ಟ್ 1998.'

"ಹೇಳಿದವರ ಹೆಸರು ಹಿಂಗೆ ಬರೀಬೇಕು. ನನ್ನ ಹಾಳೇಲಿ ಇದಕ್ಕೆ ಜಾಗ ಇರ್ಲಿಲ್ಲ. ಇನ್ಯಾರಾದ್ರೂ ಮನೇಲಿ ಕೇಳಿ ಬರೆದಿದ್ದೀರಾ?"

ಎರಡನೇ ಸಾಲಿನಿಂದ ಖುರ್ಷೀದಾ ಅರ್ಧ ಕೈ ಎತ್ತಿದಳು. "ನಂದು ಅಬ್ಬಾ ಹೇಳಿದ್ದು ಟೀಚರ್. ಪುಸ್ತಕದ ಹೆಸರು ಬೇಕೇ ಬೇಕು ಅಂದಿದ್ರಲ್ಲ, ಅದಕ್ಕೆ ನಾನೇ ಒಂದು ಹೆಸರು ಮಾಡಿ ಬರ್ದೆ."

ಒಂದೊಂದಾಗಿ ಒಂಬತ್ತು ಕೈ ಮೇಲೆದ್ದವು. ಅಷ್ಟು ಮಕ್ಕಳಿಗೆ ನಯನಾ ಸುಳ್ಳು ಕಲಿಸಿದ್ದಳು. ಸಂಜೆಯೊಳಗೆ, ಮಕ್ಕಳ ಮುಂದೆ ತಪ್ಪೊಪ್ಪಿಕೊಂಡದ್ದಕ್ಕೆ ಕಾರಣ ಕೇಳಿ ಹಾಲೇಶಪ್ಪನವರ ಮೆಮೊ ಕೈಗೆ ಬಂತು.

ಚೌಡೇಶ್ವರಿಯ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಲಿಲ್ಲ. ಅದನ್ನು ಯಾರಿಂದಲೂ ಸರಿಮಾಡಲು ಆಗಲಿಲ್ಲ.

ನಯನಾ ತಿಂಗಳೊಪ್ಪತ್ತು ಮಂಡಿಪೇಟೆಯ ಕಡೆ ಹೋಗಲಿಲ್ಲ. ಬಸ್ಸಿನ ಕಿಟಕಿಯಿಂದ ಎದುರು ಬರುವ ಬಸ್ಸುಗಳನ್ನು ಮಾತ್ರ ನೋಡುತ್ತಿದ್ದಳು. ದಾರಿಯ ಬಾತಿ ಹಳ್ಳಿ ದಾಟುವಾಗ ಒಂದು ಕ್ಷಣ ಅವಳ ಬಸ್ಸೂ ನಿಂಗರಾಜ್ ಬರುವ ಬಸ್ಸೂ ಅಕ್ಕಪಕ್ಕ ಬರುತ್ತಿದ್ದವು. ಆಗ ತಲೆ ಬಗ್ಗಿಸಿಬಿಡುತ್ತಿದ್ದಳು.

ಅಕ್ಟೋಬರಿನ ಒಂದು ಸಂಜೆ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಮುಂದೆ ಒಂದು ಛತ್ರಿ ಬಂದು ನಿಂತಿತು. ಹಿಂದೆ ನಿಂಗರಾಜ್.

"ಮರ್ತು ಬಂದಿದ್ರಿ."

"ಇಷ್ಟು ದಿನ ಇಟ್ಕೊಂಡಿದ್ರಾ?"

"ತಗಳ್ಳಾಕೆ ಬರ್ತೀರಿ ಅಂತ ಕಾದೆ."

"ಹೆಂಗೆ ಬರ್ಲಿ?" ಅವಳ ಕಣ್ಣು ತುಂಬಿತು. "ಹುಡುಗಿಗೆ ಮಾಡಿದ್ದು ಒಂದು. ಅದನ್ನ ಜಂಬದಿಂದ ನಿಮಗೆ ಹೇಳಾಕೆ ಬಂದ್ನಲ್ಲ, ಅದು ಇನ್ನೂ ಕೊರೀತೈತೆ."

ಅವನು ಪಕ್ಕದ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.

"ನಂದೂ ಒಂದೈತೆ, ಕೇಳ್ರಿ. ಅಜ್ಜಿ ಹೆಸರು ಎಲ್ಲಿ ಬರೀಲಿ ಚಿಕ್ಕಪ್ಪಾ ಅಂತ ಚೌಡಿ ಕೇಳಿದ್ಲು. ನಾನೇ ಬ್ಯಾಡ ಅಂದೆ. ಬರೀ ಪುಸ್ತಕ ಬೇಕಂತೆ, ಸುಮ್ನೆ ಬಿಡು ಅಂದೆ. ನಮ್ಮವ್ವನ ಹೆಸರು ಬ್ಯಾಡ ಅಂದೋನು ನಾನು. ಅವತ್ತು ನಿಮ್ಮ ಮ್ಯಾಲೆ ಸಿಟ್ಟು ಮಾಡಿದ್ನಲ್ಲ, ಅದರಾಗೆ ಅರ್ಧ ನನ್ನ ಮ್ಯಾಲಿನ ಸಿಟ್ಟು."

"ಯಾಕ ಹಂಗಂದ್ರಿ?"

"ನಿಮ್ಮ ಹಾಳೆ ತಪ್ಪು ಅಂತ ಹೇಳಾಕೆ ಮನಸಾಗ್ಲಿಲ್ಲ." ಅವನು ನೆಲ ನೋಡಿದ. "ನಿಮ್ಮದು ಯಾವುದೂ ತಪ್ಪು ಅಂತ ಕಾಣ್ತಿರ್ಲಿಲ್ಲ ಆಗ."

ದಾವಣಗೆರೆಯ ಬಸ್ಸು ಬಂತು. ಕಂಡಕ್ಟರ್ ಕೂಗಿದ. ನಯನಾ ಏಳಲಿಲ್ಲ.

"ಈಗ?" ಎಂದಳು.

"ಈಗ ಕಾಣ್ತೈತೆ. ಆದ್ರೂ..." ತುಟಿಯ ಆ ಒಂದು ಕೊನೆ ಮೆಲ್ಲಗೆ ಏರಿತು. "ಆದ್ರೂ ಬರ್ರಿ ಅನ್ಸುತ್ತೆ. ನಿಮ್ಮನೇಗೆ ಬಂದು ಕೇಳ್ಲಾ?"

"ನಮ್ಮಪ್ಪ ದೊಡ್ಡ ಅಂಗಡಿ ಇಟ್ಟೋರು. ನಿಮ್ಮೋರು, ನಮ್ಮೋರು ಬ್ಯಾರೆ. ಮಾತಾಡ್ಸದೇನೇ ಕಳಿಸಿಬಿಟ್ರೆ?"

"ಹಂಗಾದ್ರೆ ಬ್ಯಾಡಾ?"

"ಬ್ಯಾಡ ಅಂದ್ನಾ?" ಅವಳು ಕಣ್ಣೊರೆಸಿಕೊಂಡಳು. "ಮೊದಲು ನಾನು ಹೇಳ್ತೀನಿ. ಆಮೇಲೆ ಬರ್ರಿ."

ಅಂದೇ ರಾತ್ರಿ ಅವಳು ತಾಯಿ ದ್ರಾಕ್ಷಾಯಣಮ್ಮನಿಗೆ ಹೇಳಿದಳು. ಅಡುಗೆಮನೆಯಲ್ಲಿ ಗುಟ್ಟಾಗಿ ಅಲ್ಲ, ಪಡಸಾಲೆಯಲ್ಲಿ, ತಂದೆ ಕೊಟ್ಟೂರಪ್ಪ ಪೇಪರ್ ಓದುತ್ತಿದ್ದಾಗ. ಪೇಪರ್ ಕೆಳಗಿಳಿಯಲಿಲ್ಲ. ತಾಯಿ ವಾರವಿಡೀ ಮಾತಾಡಲಿಲ್ಲ. ಎಂಟನೇ ದಿನ, "ಆ ಹುಡುಗ ಭಾನುವಾರ ಬರ್ಲಿ. ನಾ ಹೂಂ ಅಂದೆ ಅಂತ ಅಲ್ಲ, ನೋಡ್ತೀನಿ ಅಷ್ಟೆ," ಎಂದಳು.

ನಿಂಗರಾಜ್ ಇಸ್ತ್ರಿ ಅಂಗಿ ತೊಟ್ಟು, ತಾಯಿಯನ್ನು ಕರೆದುಕೊಂಡು ಬಂದ. ದ್ರಾಕ್ಷಾಯಣಮ್ಮ ಮುಂದಿಟ್ಟ ಅವಲಕ್ಕಿಯ ತಟ್ಟೆಗೆ ಅವನು ಕೈ ಹಾಕಲಿಲ್ಲ. ಎಷ್ಟು ತೊಳೆದರೂ ಉಗುರಿನ ಮಸಿ ಹೋಗಿರಲಿಲ್ಲ. ಕೊಟ್ಟೂರಪ್ಪ ಅದನ್ನೇ ನೋಡುತ್ತಿದ್ದರು. ಅವನು ಕೈಗಳನ್ನು ಮೆಲ್ಲಗೆ ಮಡಿಲಿನಲ್ಲಿ ಅಡಗಿಸಿಕೊಂಡ.

ಬಾಗಿಲ ಮರೆಯಲ್ಲಿ ನಿಂತಿದ್ದ ನಯನಾಗೆ ಅದು ಕಾಣಿಸಿತು. ಅವಳು ಒಳಗೆ ಬಂದು, ತಂದೆಯ ಕಣ್ಣೆದುರೇ, ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು.

"ತಿನ್ರಿ," ಎಂದಳು.